ಮೂಸಿ ದಂಡೆಯಲ್ಲಿ ನಮ್ಮ ಸರ್ ಎಂ.ವಿ.

ಸೆಪ್ಟೆಂಬರ್ 15 ಬಂತು ಅಂದ್ರೆ ನಮ್ಮಂಥ ಎಲ್ಲಾ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಒಂದು ಫೋಟೋ ಹೊರಗೆ ಬರುತ್ತೆ. ಮೈಸೂರು ಪೇಟ, ಕೋಟು, ನೇರವಾದ ನೋಟ. ಹಾರ ಹಾಕ್ತೀವಿ, ಭಾಷಣ ಕೇಳ್ತೀವಿ, ಕೊನೆಗೆ ಒಂದು ಕ್ವಿಜ್ ಇರುತ್ತೆ. ಕನ್ನಂಬಾಡಿ ಕಟ್ಟೆ, ಭದ್ರಾವತಿ ಕಬ್ಬಿಣದ ಕಾರ್ಖಾನೆ, ಮೈಸೂರು ವಿಶ್ವವಿದ್ಯಾಲಯ, ಭಾರತ ರತ್ನ, ಈ ನಾಲ್ಕು ಪ್ರಶ್ನೆ ತಪ್ಪೋದೇ ಇಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಹೇಳೋ ದಂತಕಥೆಗಳೂ ಎಲ್ಲರಿಗೂ ಬಾಯಿಪಾಠ. ಅವನ್ನೆಲ್ಲ ಈ ಸಲ ಪಕ್ಕಕ್ಕಿಡೋಣ. ಅವರ ಬದುಕಿನಲ್ಲಿ ಆರೇಳು ತಿಂಗಳಷ್ಟೇ ನಡೆದ ಒಂದು ಕೆಲಸದ ಮೂಲಕ ಅವರ ಜೀವನವನ್ನು ನೋಡೋಣ ಅನ್ನೋದು ನಮ್ಮ ಆಸೆ. ಆ ಕೆಲಸ ನಡೆದದ್ದು ಮೈಸೂರಿನಲ್ಲಲ್ಲ, ಹೈದರಾಬಾದಿನಲ್ಲಿ, ಮೂಸಿ ನದಿಯ ದಂಡೆಯಲ್ಲಿ. ಆ ದಂಡೆಯ ಜಾಗ ಯಾರದ್ದು, ಅಲ್ಲಿ ಏನು ಕಟ್ಟಬೇಕು ಅನ್ನೋ ಜಗಳ ನೂರು ವರ್ಷ ಕಳೆದರೂ ಮುಗಿದಿಲ್ಲ.

ಮೊದಲು ಅವರ ಹುಟ್ಟೂರಿಂದ ಶುರು ಮಾಡೋಣ. ಚಿಕ್ಕಬಳ್ಳಾಪುರದ ಹತ್ತಿರ, ನಂದಿಬೆಟ್ಟದ ಬುಡದಲ್ಲಿರೋ ಮುದ್ದೇನಹಳ್ಳಿ. ತಂದೆ ಮೋಕ್ಷಗುಂಡಂ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು, ತಾಯಿ ವೆಂಕಟಲಕ್ಷ್ಮಮ್ಮ. ಮನೆಯಲ್ಲಿ ವಿದ್ಯೆ ಇತ್ತು, ದುಡ್ಡು ಇರಲಿಲ್ಲ. ತಂದೆ ಬೇಗ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಶಾಲೆ ಮುಗಿಸಿ ಬೆಂಗಳೂರಿಗೆ ಬಂದು, ಮಕ್ಕಳಿಗೆ ಪಾಠ ಹೇಳಿಕೊಟ್ಟು ತಮ್ಮ ಖರ್ಚು ನೋಡಿಕೊಳ್ಳುತ್ತಾ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. 1881ರಲ್ಲಿ ಬಿ.ಎ. ಪಾಸಾಯಿತು. ಆಮೇಲೆ ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿ ಪುಣೆಯ ಕಾಲೇಜ್ ಆಫ್ ಸೈನ್ಸ್ ಸೇರಿದರು. 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ. ಮರುವರ್ಷವೇ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್ ಕೆಲಸ.

ಇಪ್ಪತ್ತನಾಲ್ಕು ವರ್ಷ ಅವರು ಬಾಂಬೆ ಸರ್ಕಾರದ ಕೆಲಸ ಮಾಡಿದರು. ಆ ವರ್ಷಗಳನ್ನ ಗಮನಿಸಿದ್ರೆ ಒಂದು ವಿಷಯ ಕಾಣುತ್ತೆ. ಅವರ ಕೆಲಸದ ದೊಡ್ಡ ಭಾಗ ನೀರಿಗೆ ಸಂಬಂಧಪಟ್ಟಿದ್ದು. ನೀರು ತರೋದು, ನಿಲ್ಲಿಸೋದು, ಹಂಚೋದು, ಕೊಳಚೆಯಾದ ಮೇಲೆ ಅದನ್ನು ಹೊರಗೆ ಕಳಿಸೋದು. ಸಿಂಧ್ ಪ್ರಾಂತ್ಯದ ಸುಕ್ಕೂರಿನಲ್ಲಿ ಸಿಂಧೂ ನದಿಯ ನೀರು ಕೆಸರು ಕೆಸರು. ಅದನ್ನು ಸೋಸೋಕೆ ದೊಡ್ಡ ಫಿಲ್ಟರ್ ಕಟ್ಟುವಷ್ಟು ಹಣ ಆ ಊರಿಗಿರಲಿಲ್ಲ. ಇವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ನದಿಯ ಮರಳೇ ಫಿಲ್ಟರ್ ಆಯಿತು. ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ತಮ್ಮದೇ ವಿನ್ಯಾಸದ ಆಟೋಮ್ಯಾಟಿಕ್ ಗೇಟ್‌ಗಳನ್ನು ಹಾಕಿಸಿದರು. ನೀರು ಒಂದು ಮಟ್ಟ ಮೀರಿದರೆ ಗೇಟು ತಾನಾಗೇ ತೆರೆಯುತ್ತೆ, ಮಟ್ಟ ಇಳಿದರೆ ತಾನಾಗೇ ಮುಚ್ಚುತ್ತೆ. ಮೋಟರ್ ಇಲ್ಲ, ಸೆನ್ಸರ್ ಇಲ್ಲ. ತೇಲುವ ಭಾರ ಮತ್ತು ಎದುರು ಭಾರ, ಇವೆರಡರ ಲೆಕ್ಕಾಚಾರ ಅಷ್ಟೇ. ಕಟ್ಟೆಯನ್ನು ಎತ್ತರಿಸದೇ ಹೆಚ್ಚು ನೀರು ನಿಲ್ಲಿಸೋಕೆ ಇದರಿಂದ ಸಾಧ್ಯವಾಯಿತು. 1906ರಲ್ಲಿ ಏಡನ್‌ಗೆ ಕಳಿಸಿದಾಗ ಅಲ್ಲೂ ಕುಡಿಯುವ ನೀರು ಮತ್ತು ಒಳಚರಂಡಿಯದೇ ಕೆಲಸ.

1908ರಲ್ಲಿ ಅವರು ಬಾಂಬೆ ಸರ್ಕಾರದ ಕೆಲಸ ಬಿಟ್ಟರು. ಬಿಟ್ಟು ವಿದೇಶ ಪ್ರವಾಸಕ್ಕೆ ಹೊರಟರು. ಅವರು ಹೊರದೇಶದಲ್ಲಿದ್ದಾಗಲೇ ಹೈದರಾಬಾದಿನ ನಿಜಾಮರ ಸರ್ಕಾರದಿಂದ ಕರೆ ಬಂತು.

ಆ ಕರೆ ಯಾಕೆ ಬಂತು ಅಂತ ತಿಳಿಯಬೇಕಾದ್ರೆ 1908ರ ಸೆಪ್ಟೆಂಬರ್ 28ಕ್ಕೆ ಹೋಗಬೇಕು. ಮೂಸಿ ನದಿ ಹುಟ್ಟೋದು ವಿಕಾರಾಬಾದ್ ಹತ್ತಿರದ ಅನಂತಗಿರಿ ಬೆಟ್ಟದಲ್ಲಿ. ಹೈದರಾಬಾದ್ ಊರನ್ನು ಎರಡು ಭಾಗ ಮಾಡಿಕೊಂಡು ಹರಿದು, ಕೊನೆಗೆ ಕೃಷ್ಣೆಯನ್ನು ಸೇರುತ್ತೆ. ವರ್ಷದ ಬಹುಪಾಲು ದಿನ ಅದು ಸಣ್ಣ ನದಿ. ಹೀಗಾಗಿ ದಂಡೆಯ ಮೇಲೆ, ನದಿಗೆ ಅಂಟಿಕೊಂಡ ಹಾಗೆ ಮನೆಗಳು, ಅಂಗಡಿಗಳು ಬೆಳೆದಿದ್ದವು. ದಕ್ಷಿಣ ದಂಡೆಯಲ್ಲಿ ಚಾರ್‌ಮಿನಾರ್ ಇರುವ ಹಳೇ ಊರು, ಉತ್ತರದಲ್ಲಿ ಅಫ್ಜಲ್‌ಗಂಜ್ ಮಾರುಕಟ್ಟೆ, ಆಸ್ಪತ್ರೆ. ಅಂದರೆ ನದಿ ಹರಿಯೋದು ಊರ ಅಂಚಿನಲ್ಲಲ್ಲ, ಊರ ಹೃದಯದಲ್ಲಿ.

ಆ ದಿನಗಳಲ್ಲಿ ಮೂಸಿಯ ಜಲಾನಯನ ಪ್ರದೇಶದಲ್ಲಿ ಭಯಂಕರ ಮಳೆ ಸುರಿಯಿತು. ಶಂಷಾಬಾದಿನಲ್ಲಿ 24 ಗಂಟೆಯಲ್ಲಿ ಸುಮಾರು 12.8 ಇಂಚು, 48 ಗಂಟೆಯಲ್ಲಿ ಸುಮಾರು 19 ಇಂಚು. ನದಿ ಊರೊಳಗೆ ನುಗ್ಗಿತು. ಅಫ್ಜಲ್ ಸೇತುವೆ, ಮುಸಲ್ಲಂ ಜಂಗ್ ಸೇತುವೆ, ಚಾದರ್‌ಘಾಟ್ ಸೇತುವೆ ಎಲ್ಲಾ ಹೋದವು. 1578ರಲ್ಲಿ ಕಟ್ಟಿದ್ದ ಪುರಾನಾಪುಲ್ ಮಾತ್ರ ನಿಂತಿತು. ಸುಮಾರು 15,000 ಜನ ಸತ್ತರು, ಸುಮಾರು 19,000 ಮನೆಗಳು ನೆಲಸಮ ಆದವು ಅನ್ನೋದು ಸಾಮಾನ್ಯವಾಗಿ ಕೊಡುವ ಲೆಕ್ಕ. ಅಫ್ಜಲ್‌ಗಂಜ್ ಆಸ್ಪತ್ರೆಯ ಆವರಣದ ಒಂದು ಹುಣಸೆ ಮರ ಹತ್ತಿ ಕೂತ ಸುಮಾರು 150 ಜನ ಬದುಕಿಕೊಂಡರು. ಆ ಮರ ಈಗಲೂ ಇದೆ. ಪ್ರತಿ ವರ್ಷ ಸೆಪ್ಟೆಂಬರ್ 28ರಂದು ಜನ ಅದರ ಕೆಳಗೆ ಸೇರಿ ಸತ್ತವರನ್ನು ನೆನೆಯುತ್ತಾರೆ.

ಆಗಿನ ನಿಜಾಮರು ಮೀರ್ ಮಹಬೂಬ್ ಅಲಿ ಖಾನ್. ಅವರ ಸರ್ಕಾರ ವಿಶ್ವೇಶ್ವರಯ್ಯನವರಿಗೆ ಮೂರು ಕೆಲಸ ಕೊಟ್ಟಿತು. ಹಾಳಾದ ಊರನ್ನು ಹೇಗೆ ಮತ್ತೆ ಕಟ್ಟಬೇಕು ಅಂತ ಹೇಳೋದು, ಇನ್ನೊಮ್ಮೆ ಇಂಥ ಪ್ರವಾಹ ಬರದ ಹಾಗೆ ಏನು ಮಾಡಬೇಕು ಅಂತ ಹೇಳೋದು, ಊರಿಗೆ ಒಂದು ಒಳಚರಂಡಿ ಯೋಜನೆ ಮಾಡೋದು. 1909ರ ಏಪ್ರಿಲ್‌ನಲ್ಲಿ ಅವರು ಕೆಲಸ ಶುರು ಮಾಡಿದರು.

ಈಗ ನಾವು ಸೆಕೆಂಡ್ ಇಯರ್ ವಿದ್ಯಾರ್ಥಿಗಳ ಹಾಗೆ ಯೋಚಿಸೋಣ. ಊರ ಮಧ್ಯೆ ನದಿ ಉಕ್ಕಿದೆ. ಉಪಾಯ ಏನು? ಮೊದಲು ಹೊಳೆಯೋದು ಎರಡೂ ಕಡೆ ಎತ್ತರದ ಗೋಡೆ ಕಟ್ಟೋದು. ಇಲ್ಲಾಂದ್ರೆ ನದಿಯನ್ನು ಅಗಲ ಮಾಡೋದು. ಎರಡೂ ಊರೊಳಗಿನ ಪರಿಹಾರ. ವಿಶ್ವೇಶ್ವರಯ್ಯನವರು ಮೊದಲು ನೋಡಿದ್ದು ಊರನ್ನಲ್ಲ, ಊರಿಗೆ ನೀರು ಎಲ್ಲಿಂದ ಬರುತ್ತೆ ಅನ್ನೋದನ್ನ. ಅಕ್ಕಪಕ್ಕದ ಬಾಂಬೆ, ಮದ್ರಾಸ್ ಪ್ರಾಂತ್ಯಗಳ ಮಳೆ ಲೆಕ್ಕವನ್ನೂ ತರಿಸಿದರು. ನಗರದ ಮೇಲ್ಭಾಗದಲ್ಲಿ ಜಲಾನಯನ ಪ್ರದೇಶ ಸುಮಾರು 860 ಚದರ ಮೈಲಿ. ಅದರೊಳಗೆ ಇದ್ದ ಕೆರೆಗಳು 788. ಅಂದರೆ ಹತ್ತಿರ ಹತ್ತಿರ ಚದರ ಮೈಲಿಗೊಂದು ಕೆರೆ. ಆ 788ರಲ್ಲಿ 221 ಕೆರೆಗಳು ಮಳೆಯಲ್ಲಿ ಒಡೆದಿದ್ದವು.

ಇದು ಮುಖ್ಯವಾದ ಅಂಕಿ. ಕೆರೆ ಸರಪಳಿಯಲ್ಲಿ ಮೇಲಿನ ಒಂದು ಕೆರೆ ಒಡೆದರೆ ಅದರ ನೀರು ಪೂರ್ತಿ ಕೆಳಗಿನ ಕೆರೆ ಮೇಲೆ ಬೀಳುತ್ತೆ. ಅದೂ ತಡೆಯೋಕಾಗದೆ ಒಡೆಯುತ್ತೆ. ಹೀಗೆ ಮಳೆ ನೀರಿನ ಜೊತೆ ತಿಂಗಳುಗಟ್ಟಲೆ ಸಂಗ್ರಹವಾಗಿದ್ದ ನೀರೂ ಒಟ್ಟಿಗೆ ಊರ ಮೇಲೆ ಬಂತು. ಪ್ರವಾಹದ ಗರಿಷ್ಠ ಹರಿವನ್ನು ಸುಮಾರು 4,25,000 ಕ್ಯೂಸೆಕ್ಸ್ ಅಂತ ಲೆಕ್ಕ ಹಾಕಿದರು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್. ಗುಣಿಸಿ ನೋಡಿ, ಸೆಕೆಂಡಿಗೆ 1.2 ಕೋಟಿ ಲೀಟರ್. ಒಲಿಂಪಿಕ್ಸ್ ಈಜುಕೊಳ ಸುಮಾರು 25 ಲಕ್ಷ ಲೀಟರ್ ಹಿಡಿಯುತ್ತೆ. ಅಂಥ ಐದು ಕೊಳಗಳ ನೀರು ಪ್ರತಿ ಸೆಕೆಂಡಿಗೂ ಊರ ಮಧ್ಯೆ ಹಾದುಹೋದ ಹಾಗೆ. ಇದನ್ನ ಗೋಡೆ ಕಟ್ಟಿ ಹಿಡಿಯಬೇಕು ಅಂದ್ರೆ ಎಷ್ಟು ಎತ್ತರದ ಗೋಡೆ ಬೇಕು, ಎಷ್ಟು ಜನರ ಮನೆ ಒಡೆಯಬೇಕು ಅಂತ ಊಹಿಸಿ.

ಅದಕ್ಕೇ ಅವರ ಮುಖ್ಯ ಸಲಹೆ ಊರಿಂದ ಕೆಲವು ಮೈಲಿ ಮೇಲೆ ಎರಡು ಜಲಾಶಯ ಕಟ್ಟಬೇಕು ಅಂತ. ಒಂದು ಮೂಸಿ ಮೇಲೆ, ಇನ್ನೊಂದು ಅದರ ಉಪನದಿ ಈಸಿ ಮೇಲೆ. ಇವುಗಳ ಮೊದಲ ಕೆಲಸ ಪ್ರವಾಹವನ್ನು ನುಂಗೋದು. ಬಚ್ಚಲಿನ ತೊಟ್ಟಿಗೆ ಬಕೆಟ್ಟಿನಿಂದ ಒಮ್ಮೆಗೇ ನೀರು ಸುರಿದರೂ ಕೆಳಗಿನ ಸಣ್ಣ ತೂತಿನಿಂದ ನೀರು ನಿಧಾನವಾಗಿಯೇ ಹೋಗುತ್ತಲ್ಲ, ಹಾಗೆ. ಊರೊಳಗಿನ ನದಿಪಾತ್ರ ಎಷ್ಟು ನೀರನ್ನು ಸುರಕ್ಷಿತವಾಗಿ ಸಾಗಿಸಬಲ್ಲದೋ ಅಷ್ಟನ್ನೇ ಕೆಳಗೆ ಬಿಡೋದು, ಉಳಿದದ್ದನ್ನು ಮೇಲೆ ಹಿಡಿದಿಡೋದು. ಹೈಡ್ರಾಲಜಿ ಪುಸ್ತಕದಲ್ಲಿ ಹೈಡ್ರೋಗ್ರಾಫ್‌ನ ಚೂಪು ತುದಿಯನ್ನು ಚಪ್ಪಟೆ ಮಾಡೋದು ಅಂತ ಓದೋದು ಇದನ್ನೇ.

ಊರೊಳಗೆ ಏನು ಮಾಡಬೇಕು ಅನ್ನೋದು ಆಮೇಲಿನ ಮಾತು. ದಂಡೆಗಳನ್ನು ಎತ್ತರಿಸಿ ಗಟ್ಟಿ ಮಾಡಬೇಕು, ಅವುಗಳ ಮೇಲೆ ಅಗಲವಾದ ರಸ್ತೆ, ಮರಗಳು, ಜನ ಓಡಾಡೋಕೆ ಉದ್ಯಾನ ಬರಬೇಕು, ಕೊಳಚೆ ನೀರಿಗೆ ಬೇರೆಯೇ ಒಳಚರಂಡಿ ವ್ಯವಸ್ಥೆ ಇರಬೇಕು ಅಂತ ಸೂಚಿಸಿದರು. ಈ ಕ್ರಮ ಗಮನಿಸಿ. ಮೊದಲು ಮೇಲ್ಭಾಗದ ನೀರು, ಜೊತೆಗೆ ಕೊಳಚೆ, ಆಮೇಲೆ ದಂಡೆಯ ಅಂದ. ಮೇಲೆ ನೀರು ಹಿಡಿಯದೇ ಕೆಳಗೆ ಉದ್ಯಾನ ಮಾಡಿದ್ರೆ ಮುಂದಿನ ಮಳೆಗೆ ಉದ್ಯಾನವೇ ಹೋಗುತ್ತೆ. ಕೊಳಚೆಗೆ ಬೇರೆ ದಾರಿ ಮಾಡದೇ ವಾಕಿಂಗ್ ಪಾತ್ ಮಾಡಿದ್ರೆ ಅಲ್ಲಿ ಮೂಗು ಮುಚ್ಚಿಕೊಂಡು ನಡೀಬೇಕಾಗುತ್ತೆ.

ವರದಿ ಕೊಟ್ಟು, 1909ರ ನವೆಂಬರ್‌ನಲ್ಲಿ ಅವರು ಮೈಸೂರು ಸಂಸ್ಥಾನದ ಚೀಫ್ ಎಂಜಿನಿಯರ್ ಆಗಿ ಬಂದುಬಿಟ್ಟರು. ಹಾಗಾದ್ರೆ ಆ ಯೋಜನೆಯನ್ನು ಕಟ್ಟಿದವರು ಯಾರು? ಹೈದರಾಬಾದಿನವರೇ. ಅಲ್ಲಿನ ಎಂಜಿನಿಯರ್ ಅಲಿ ನವಾಜ್ ಜಂಗ್ ಅವರ ಹೆಸರನ್ನು ಇಲ್ಲಿ ಹೇಳಲೇಬೇಕು. ತೆಲಂಗಾಣದಲ್ಲಿ ಇವರ ಹುಟ್ಟುಹಬ್ಬ ಜುಲೈ 11ನ್ನು ರಾಜ್ಯದ ಎಂಜಿನಿಯರ್‌ಗಳ ದಿನ ಅಂತ ಆಚರಿಸುತ್ತಾರೆ. ಮೂಸಿಯ ಮೇಲಿನ ಉಸ್ಮಾನ್ ಸಾಗರ್ 1920ರಲ್ಲಿ, ಈಸಿಯ ಮೇಲಿನ ಹಿಮಾಯತ್ ಸಾಗರ್ 1927ರಲ್ಲಿ ಸಿದ್ಧವಾದವು. ಒಂದಕ್ಕೆ ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹೆಸರು, ಇನ್ನೊಂದಕ್ಕೆ ಅವರ ಮಗನ ಹೆಸರು. ಒಬ್ಬರು ಯೋಚಿಸಿದ್ದನ್ನು ಇನ್ನೊಬ್ಬರು ಹತ್ತಾರು ವರ್ಷ ನಿಂತು ಕಟ್ಟಿಸಿದ್ದರಿಂದಲೇ ಅದು ಆಯಿತು. ನಾವು ವಿಶ್ವೇಶ್ವರಯ್ಯನವರನ್ನು ಹೊಗಳುವ ಭರದಲ್ಲಿ ಇದನ್ನು ಬಿಟ್ಟುಬಿಡಬಾರದು.

ಈಗ ದಂಡೆಯ ಜಾಗದ ವಿಷಯಕ್ಕೆ ಬರೋಣ. ಪ್ರವಾಹ ಹೋದ ಮೇಲೆ ಊರ ನಟ್ಟನಡುವೆ ಎರಡೂ ದಂಡೆಯಲ್ಲಿ ಜಾಗ ಖಾಲಿಯಾಗಿತ್ತು. ಮಾರುಕಟ್ಟೆ ಪಕ್ಕದ ಜಾಗ, ಬೆಲೆಬಾಳುವ ಜಾಗ. 1912ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಬೋರ್ಡ್ ಶುರುವಾಯಿತು. ಮುಂದಿನ ಎರಡು ಮೂರು ದಶಕಗಳಲ್ಲಿ ಆ ದಂಡೆಗಳ ಮೇಲೆ ಏನೇನು ಬಂತು ಅಂತ ನೋಡಿ. ದಕ್ಷಿಣದಲ್ಲಿ 1920ರಲ್ಲಿ ಹೈಕೋರ್ಟ್, ಅದರ ಹತ್ತಿರ ಸಿಟಿ ಕಾಲೇಜು. ಎದುರು ದಂಡೆಯಲ್ಲಿ, ಕೊಚ್ಚಿಹೋದ ಅಫ್ಜಲ್‌ಗಂಜ್ ಆಸ್ಪತ್ರೆಯ ಜಾಗದಲ್ಲಿ ಉಸ್ಮಾನಿಯಾ ಜನರಲ್ ಆಸ್ಪತ್ರೆ. 1930ರ ದಶಕದಲ್ಲಿ ಅಲ್ಲೇ ಪಕ್ಕದಲ್ಲಿ ಆಸಫಿಯಾ ಗ್ರಂಥಾಲಯ. ನದಿಯ ಅಂಚಿಗೆ ಉದ್ಯಾನ, ಗೋಡೆ. ಹೈಕೋರ್ಟ್, ಆಸ್ಪತ್ರೆ ಕಟ್ಟಡಗಳಿಗೆ ವಿನ್ಸೆಂಟ್ ಎಶ್ ಅನ್ನೋ ವಾಸ್ತುಶಿಲ್ಪಿ ಕೆಲಸ ಮಾಡಿದರು. ಗುಮ್ಮಟ, ಕಮಾನು, ಜಾಲಿ ಕಿಟಕಿ ಎಲ್ಲಾ ಸೇರಿ ಊರಿನ ಹಳೇ ಕಟ್ಟಡಗಳ ಜೊತೆ ಹೊಂದಿಕೊಳ್ಳೋ ಹಾಗೆ ಮಾಡಿದ್ದಾರೆ.

ಕೋರ್ಟು, ಆಸ್ಪತ್ರೆ, ಕಾಲೇಜು, ಲೈಬ್ರರಿ, ಪಾರ್ಕು. ಇವೆಲ್ಲ ಯಾರು ಬೇಕಾದರೂ ಹೋಗಬಹುದಾದ ಜಾಗಗಳು. ರಾಜರ ಕಾಲದಲ್ಲಿ, ಅರಮನೆ ಕಟ್ಟಿಕೊಳ್ಳಬಹುದಾಗಿದ್ದ ಜಾಗದಲ್ಲಿ ಇವು ಬಂದವು ಅನ್ನೋದು ಸಣ್ಣ ವಿಷಯ ಅಲ್ಲ. ಆದರೆ ಇನ್ನೊಂದು ಮುಖವೂ ಇದೆ. ಇಂಪ್ರೂವ್‌ಮೆಂಟ್ ಬೋರ್ಡ್ ರಸ್ತೆ ಅಗಲ ಮಾಡುವಾಗ, ಇಕ್ಕಟ್ಟಿನ ಬಸ್ತಿಗಳನ್ನು ತೆರವು ಮಾಡುವಾಗ ಬಡವರೇ ಎದ್ದು ಹೋಗಬೇಕಾಯಿತು. ಮೇಲೆ ಜಲಾಶಯ ಕಟ್ಟುವಾಗ ಮುಳುಗಿದ್ದು ರೈತರ ಹೊಲ. ಊರನ್ನು ಉಳಿಸೋಕೆ ಹಳ್ಳಿ ಬೆಲೆ ಕೊಟ್ಟಿತು. ಈ ಲೆಕ್ಕವನ್ನು ಕಟ್ಟಡಗಳ ಫೋಟೋದಲ್ಲಿ ಯಾರೂ ಬರೆದಿಡೋದಿಲ್ಲ.

ಇದೇ ಪ್ರಶ್ನೆ ವಿಶ್ವೇಶ್ವರಯ್ಯನವರಿಗೆ ಮೈಸೂರಿನಲ್ಲೂ ಎದುರಾಯಿತು. 1911ರಲ್ಲಿ ಶುರುವಾದ ಕೃಷ್ಣರಾಜಸಾಗರ ಪೂರ್ತಿಯಾಗಿದ್ದು 1932ರ ಹೊತ್ತಿಗೆ. ಮಂಡ್ಯದ ಬಯಲಿಗೆ ನೀರು ಅದರಿಂದ ಸಿಕ್ಕಿತು. ಹಳೇ ಕನ್ನಂಬಾಡಿಯೂ ಸೇರಿ ಹಲವು ಹಳ್ಳಿಗಳು ನೀರಿನಡಿ ಹೋದವು. ಅಲ್ಲಿನ ವೇಣುಗೋಪಾಲ ಸ್ವಾಮಿ ದೇವಸ್ಥಾನ ದಶಕಗಳ ಕಾಲ ನೀರಿನಲ್ಲಿತ್ತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಮಾತ್ರ ಕಾಣ್ತಿತ್ತು. ಈಗ ಅದನ್ನು ದಂಡೆಯ ಮೇಲೆ ಹೊಸ ಜಾಗದಲ್ಲಿ ಕಟ್ಟಿದ್ದಾರೆ. ದೇವಸ್ಥಾನವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಮತ್ತೆ ಕಟ್ಟಬಹುದು. ಒಂದು ಊರನ್ನು ಹಾಗೆ ಕಟ್ಟೋಕಾಗಲ್ಲ.

1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರು. ಆ ಆರು ವರ್ಷದಲ್ಲಿ ಆದದ್ದರ ಪಟ್ಟಿ ನಮಗೆ ಗೊತ್ತಿರೋದೇ. ಮೈಸೂರು ಬ್ಯಾಂಕ್ 1913, ಕನ್ನಡ ಸಾಹಿತ್ಯ ಪರಿಷತ್ತು 1915, ಮೈಸೂರು ವಿಶ್ವವಿದ್ಯಾಲಯ 1916, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು 1917. ಕನ್ನಡ ಸಂಘದ ಪತ್ರಿಕೆಯಲ್ಲಿ ಒಬ್ಬ ಎಂಜಿನಿಯರ್ ಬಗ್ಗೆ ಬರೆಯುವಾಗ ಸಾಹಿತ್ಯ ಪರಿಷತ್ತು ಶುರುವಾದದ್ದು ಅವರು ದಿವಾನರಾಗಿದ್ದಾಗ ಅನ್ನೋದು ನಮಗೆ ಖುಷಿ ಕೊಡುತ್ತೆ. ಕೊನೆಗೆ ಅವರು ಹುದ್ದೆ ಬಿಟ್ಟಿದ್ದಕ್ಕೆ ಒಂದು ಕಾರಣ ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣೇತರರಿಗೆ ಮೀಸಲಾತಿ ಕೊಡುವ ವಿಚಾರದಲ್ಲಿ ಬಂದ ಭಿನ್ನಾಭಿಪ್ರಾಯ. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಮೀಸಲಾತಿಯ ಕಡೆ, ದಿವಾನರು ಪರೀಕ್ಷೆ ಮತ್ತು ಅರ್ಹತೆಯ ಕಡೆ. ಇವತ್ತು ಹಿಂದಿರುಗಿ ನೋಡಿದರೆ ಈ ವಿಷಯದಲ್ಲಿ ಮಹಾರಾಜರೇ ದೂರ ನೋಡಿದ್ದರು ಅಂತ ನಮಗನ್ನಿಸುತ್ತೆ. ಟ್ಯೂಷನ್ ಹೇಳಿ ಓದಿದವರಿಗೆ ಬಡತನ ಗೊತ್ತಿತ್ತು. ಆದರೆ ಶಾಲೆಯ ಬಾಗಿಲೇ ತೆರೆಯದ ಮನೆಗಳ ಕಷ್ಟ ಬೇರೆ. ದೊಡ್ಡವರ ಬಗ್ಗೆ ಬರೆಯುವಾಗ ಇದನ್ನೂ ಹೇಳಿದ್ರೆ ಅವರು ಚಿಕ್ಕವರಾಗಲ್ಲ.

ದಿವಾನಗಿರಿ ಬಿಟ್ಟ ಮೇಲೂ ನೀರು ಅವರನ್ನು ಬಿಡಲಿಲ್ಲ. ಒಳಚರಂಡಿ ಮತ್ತು ನಗರದ ಸುಧಾರಣೆ ಕೆಲಸಕ್ಕೆ ಹೈದರಾಬಾದಿನವರು ಮತ್ತೆ ಕರೆದರು, ಹೋದರು. 1937ರ ಪ್ರವಾಹದ ನಂತರ ಒಡಿಶಾದವರು ಕರೆದರು, ಎಪ್ಪತ್ತು ದಾಟಿದ್ದರೂ ಹೋದರು. ಮಹಾನದಿಗೂ ಮೇಲ್ಭಾಗದಲ್ಲಿ ಜಲಾಶಯಗಳು ಬೇಕು ಅಂತಲೇ ಅಲ್ಲೂ ಹೇಳಿದರು. ಹೀರಾಕುಡ್ ಕಟ್ಟೆಯ ಹಿಂದೆ ಈ ಯೋಚನೆಯೂ ಇದೆ. ತೊಂಬತ್ತು ದಾಟಿದ ಮೇಲೆ ಬಿಹಾರದ ಮೊಕಾಮಾದಲ್ಲಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕು ಅನ್ನೋದಕ್ಕೆ ಸಲಹೆ ಕೊಟ್ಟರು. 1955ರಲ್ಲಿ ಭಾರತ ರತ್ನ ಬಂತು. 1962ರ ಏಪ್ರಿಲ್ 14ರಂದು, ನೂರು ವರ್ಷ ದಾಟಿ ಬದುಕಿ, ಬೆಂಗಳೂರಿನಲ್ಲಿ ತೀರಿಕೊಂಡರು. ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿ ಇದೆ.

ಜೀವನಚರಿತ್ರೆ ಇಲ್ಲಿಗೆ ಮುಗೀಬೇಕು. ಆದರೆ ಎಂಜಿನಿಯರ್‌ಗಳ ಜೀವನ ಅವರು ಕಟ್ಟಿದ್ದರ ಜೊತೆ ಮುಂದುವರಿಯುತ್ತಲ್ಲ, ಹಾಗಾಗಿ ಮೂಸಿಗೆ ಆಮೇಲೆ ಏನಾಯ್ತು ಅಂತಲೂ ನೋಡಬೇಕು.

ಎರಡು ಜಲಾಶಯಗಳು ನಿಧಾನವಾಗಿ ಹೈದರಾಬಾದಿನ ಕುಡಿಯುವ ನೀರಿನ ಆಧಾರವಾದವು. ಇಲ್ಲೊಂದು ತಾಂತ್ರಿಕ ಇಕ್ಕಟ್ಟಿದೆ. ಪ್ರವಾಹ ತಡೆಯೋಕೆ ಜಲಾಶಯ ಮಳೆಗಾಲದಲ್ಲಿ ಸ್ವಲ್ಪ ಖಾಲಿ ಇರಬೇಕು. ಕುಡಿಯೋ ನೀರಿಗಾದ್ರೆ ತುಂಬಿರಬೇಕು. ತುಂಬಿದ ಕೊಡಕ್ಕೆ ಮತ್ತೆ ನೀರು ಹಾಕಿದ್ರೆ ಚೆಲ್ಲುತ್ತೆ ಅಷ್ಟೇ. ಒಂದೇ ಕಟ್ಟೆಯಿಂದ ಎರಡೂ ಕೆಲಸ ಬೇಕು ಅಂದ್ರೆ ಮಳೆ ಮುನ್ಸೂಚನೆ ನೋಡಿಕೊಂಡು ಯಾವಾಗ ಗೇಟು ತೆರೀಬೇಕು ಅಂತ ಪ್ರತಿ ದಿನ ನಿರ್ಧಾರ ಮಾಡ್ತಾ ಇರಬೇಕು. ಕಟ್ಟೋದು ಒಂದು ಸಲದ ಕೆಲಸ, ನಡೆಸೋದು ದಿನನಿತ್ಯದ ಕೆಲಸ.

ಜಲಾಶಯಗಳನ್ನು ಕಾಪಾಡೋಕೆ 1996ರಲ್ಲಿ ಸರ್ಕಾರ 111ನೇ ಸಂಖ್ಯೆಯ ಆದೇಶ ಹೊರಡಿಸಿತು. ಅವುಗಳ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯ 84 ಹಳ್ಳಿಗಳಲ್ಲಿ ಮಾಲಿನ್ಯ ಮಾಡುವ ಕಾರ್ಖಾನೆ, ದೊಡ್ಡ ಕಟ್ಟಡಗಳಿಗೆ ನಿರ್ಬಂಧ ಬಂತು. ನಮ್ಮ ಜಮೀನಿಗೆ ಬೆಲೆ ಸಿಗ್ತಿಲ್ಲ ಅಂತ ಹಳ್ಳಿಯವರಲ್ಲಿ ಅಸಮಾಧಾನ ಇತ್ತು. 2022ರಲ್ಲಿ ಇನ್ನೊಂದು ಆದೇಶ ಬಂದು ಆ ನಿರ್ಬಂಧ ತೆಗೆಯಲಾಯಿತು. ಮೇಲ್ಭಾಗದಲ್ಲಿ ಕಾಂಕ್ರೀಟು ಬಂದರೆ ಮಳೆ ನೀರು ಇಂಗದೆ ಬೇಗ ಹರಿದು ಬರುತ್ತೆ ಅನ್ನೋದು ಸಿವಿಲ್ ಬ್ರಾಂಚಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಊರೊಳಗೆ ನದಿ ಕೊಳಚೆ ಕಾಲುವೆಯಾಯಿತು. ಬೆಳೆಯುತ್ತಿದ್ದ ಊರಿಗೆ ತಕ್ಕ ಹಾಗೆ ಒಳಚರಂಡಿ ಬೆಳೆಯಲಿಲ್ಲ. ದಂಡೆ ಅನ್ನೋದು ಯಾರೂ ಬಯಸದ ಜಾಗವಾಯಿತು. ಯಾರಿಗೆ ಬೇರೆಲ್ಲೂ ಜಾಗ ಸಿಗಲಿಲ್ಲವೋ ಅವರು ಅಲ್ಲಿ ಮನೆ ಮಾಡಿಕೊಂಡರು. ಬಡವರಷ್ಟೇ ಅಲ್ಲ, ಸರ್ಕಾರವೂ ನದಿಯ ಜಾಗಕ್ಕೆ ಇಳಿಯಿತು. ಇಮ್ಲಿಬನ್ ಬಸ್ ನಿಲ್ದಾಣ ನಿಂತಿರೋದು ಮೂಸಿಯ ಎರಡು ಕವಲುಗಳ ನಡುವಿನ ನಡುಗಡ್ಡೆಯಲ್ಲಿ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಜಲಾಶಯಗಳ ಗೇಟು ತೆರೆದಾಗ ಆ ನಿಲ್ದಾಣದೊಳಗೆ ನೀರು ಬಂದು ಪ್ರಯಾಣಿಕರು ಸಿಕ್ಕಿಹಾಕಿಕೊಂಡರು. 1908ರ ಪ್ರವಾಹವೂ ಸೆಪ್ಟೆಂಬರ್ ಕೊನೆಯಲ್ಲೇ ಬಂದದ್ದು.

ಈಗ ಮತ್ತೆ ಮೂಸಿ ದಂಡೆಯನ್ನು ಹೊಸದಾಗಿ ಮಾಡುವ ಯೋಜನೆ ನಡೀತಿದೆ. ನಗರದುದ್ದಕ್ಕೂ ಸುಮಾರು 55 ಕಿಲೋಮೀಟರ್. 2024ರಲ್ಲಿ ನದಿಪಾತ್ರದ ಮನೆಗಳ ಗೋಡೆಗೆ ಕೆಂಪು ಬಣ್ಣದ ಗುರುತು ಬಿತ್ತು. ಚಾದರ್‌ಘಾಟ್ ಸುತ್ತಮುತ್ತ ಮನೆಗಳನ್ನು ಕೆಡವಿದರು. ಕೆಲವು ಕುಟುಂಬಗಳಿಗೆ ಸರ್ಕಾರ ಎರಡು ಬೆಡ್‌ರೂಮಿನ ಮನೆ ಕೊಟ್ಟು ಬೇರೆ ಕಡೆ ಕಳಿಸಿತು. ಮಕ್ಕಳ ಶಾಲೆ, ದಿನಗೂಲಿ ಕೆಲಸ ಎಲ್ಲಾ ಇಲ್ಲೇ ಇರುವಾಗ ಹೋಗೋದು ಹೇಗೆ ಅಂತ ಜನ ಪ್ರತಿಭಟಿಸಿದರು. ಪ್ರವಾಹದ ಜಾಗದಲ್ಲಿ ಜನ ಇರಬಾರದು ಅನ್ನೋದು ಸರಿ. ಅವರ ಪ್ರಾಣಕ್ಕೇ ಅಪಾಯ. ಆದರೆ ಅವರನ್ನು ಎಬ್ಬಿಸಿದ ಜಾಗಕ್ಕೆ ಏನು ಬರುತ್ತೆ ಅನ್ನೋದರ ಮೇಲೆ ಆ ಸರಿ ಎಷ್ಟು ಸರಿ ಅನ್ನೋದು ನಿಂತಿದೆ. ನದಿಗೆ ಜಾಗ ಬಿಡೋಕೆ ಎಬ್ಬಿಸಿದ್ರೆ ಅದಕ್ಕೊಂದು ಅರ್ಥ. ಅದೇ ಜಾಗದಲ್ಲಿ ಗಾಜಿನ ಗೋಪುರ ಎದ್ದರೆ, ಪ್ರವಾಹ ಬಡವರಿಗೆ ಮಾತ್ರ ಅಪಾಯವೇ ಅಂತ ಕೇಳಬೇಕಾಗುತ್ತೆ.

ಅವರು ಏನು ಹೇಳ್ತಿದ್ದರು ಅಂತ ಊಹಿಸೋದು ನಮ್ಮ ಕೆಲಸ ಅಲ್ಲ. ಅವರು ಆಗ ಮಾಡಿದ ಕೆಲಸದ ಕ್ರಮವನ್ನಂತೂ ಇಟ್ಟುಕೊಳ್ಳಬಹುದು. ಮೊದಲು ಮೇಲ್ಭಾಗದ 860 ಚದರ ಮೈಲಿ, 788 ಕೆರೆ. ಆಮೇಲೆ ಕೊಳಚೆ. ಆಮೇಲೆ ದಂಡೆ, ಅದೂ ಎಲ್ಲರೂ ಬರಬಹುದಾದ ದಂಡೆ. ಈ ಕ್ರಮಕ್ಕೆ ನಾವು ಸೇರಿಸಬೇಕಾದ್ದು ಒಂದಿದೆ. ಮೇಲೆ ಮುಳುಗುವವರ, ಕೆಳಗೆ ಎದ್ದು ಹೋಗುವವರ ಹೆಸರೂ ಅದೇ ವರದಿಯಲ್ಲಿ, ಅದೇ ಅಂದಾಜು ಪಟ್ಟಿಯಲ್ಲಿ ಇರಬೇಕು. ಅವರ ಕಾಲದ ವರದಿಗಳಿಗೆ ಅದು ಹೊರಗಿನ ವಿಷಯವಾಗಿತ್ತು. ನಮ್ಮ ಕಾಲದ ವರದಿ ಬರೆಯೋರು ನಾವೇ, ಇನ್ನು ಮೂರು ನಾಲ್ಕು ವರ್ಷದಲ್ಲಿ.

ನಮ್ಮ ಓದುಗರಲ್ಲಿ ಹಲವರು ಇಂಟರ್ನ್‌ಶಿಪ್‌ಗೋ ಕೆಲಸಕ್ಕೋ ಹೈದರಾಬಾದಿಗೆ ಹೋಗ್ತೀರಿ. ಒಂದು ಭಾನುವಾರ ಬಿರಿಯಾನಿ ಮುಗಿಸಿದ ಮೇಲೆ ಪುರಾನಾಪುಲ್‌ನಿಂದ ಚಾದರ್‌ಘಾಟ್ ತನಕ ದಂಡೆಯ ಹತ್ತಿರ ನಡೆದು ನೋಡಿ. ಹೈಕೋರ್ಟಿನ ಗುಮ್ಮಟ, ಆಸ್ಪತ್ರೆ, ಹುಣಸೆ ಮರ, ಕೆಡವಿದ ಮನೆಗಳ ಜಾಗ, ಬಸ್ ನಿಲ್ದಾಣ, ಕಪ್ಪು ನೀರು, ಎಲ್ಲಾ ಒಂದೇ ದಾರಿಯಲ್ಲಿ ಸಿಗುತ್ತೆ. ಸಮಯ ಇದ್ದರೆ ಗಂಡಿಪೇಟೆಗೂ ಹೋಗಿ ಉಸ್ಮಾನ್ ಸಾಗರ್ ಕಟ್ಟೆ ಮೇಲೆ ನಿಂತುಕೊಳ್ಳಿ. ಕೆಳಗಿನ ಊರು ಅಲ್ಲಿಂದ ಕಾಣಲ್ಲ, ಆದರೆ ಅದರ ಮಳೆಗಾಲ ಅಲ್ಲಿಂದಲೇ ಶುರುವಾಗುತ್ತೆ.